ನಾಲ್ಕನೇ ನಿಮಿಷದ ಚೀಟಿ

ಮೂರೇ ಮೂರು ವರ್ಷ ಬದುಕಿದ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಸಹಾಯಕ ಕೋಚ್ ಆಗಿದ್ದೆ. ಹಾಗೆಂದು ಹೇಳಿಕೊಳ್ಳಲು ಈಗ ಬಾಯಿ ಬರುವುದಿಲ್ಲ. ಯಾರಾದರೂ ಕೇಳಿದರೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಎನ್ನುತ್ತೇನೆ. ಅದೇನೂ ಸುಳ್ಳಲ್ಲ.

ನಮ್ಮದು ಚೀನಾದ ಲಿಯಾವೊನಿಂಗ್ ಕಡೆಯ ಕಲ್ಲಿದ್ದಲಿನ ಊರು. ಗಣಿ ಮುಚ್ಚಿ ಹತ್ತು ವರ್ಷವಾಗಿತ್ತು, ಎದೆಯುಬ್ಬಿಸಿ ಹೇಳಿಕೊಳ್ಳಲು ಊರಿಗೆ ಏನೂ ಉಳಿದಿರಲಿಲ್ಲ. ಆಗ ಹುರಿದ ಸೂರ್ಯಕಾಂತಿ ಬೀಜ ಮಾರಿ ದೊಡ್ಡವನಾದ ಫಾನ್ ಎಂಬಾತ ‘ಕೆಂಪು ಗುದ್ದಲಿ’ ಕ್ಲಬ್ ಕಟ್ಟಿದ. ಮೊದಲ ವರ್ಷವೇ ಮೂರನೇ ದರ್ಜೆಯ ಲೀಗಿನಿಂದ ಎರಡನೇ ದರ್ಜೆಗೆ ಹತ್ತಿದೆವು. ಮುದುಕರು ಗಣಿಯ ಹಳೇ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ಬಂದರು. ಸಂಜೆ ಚೌಕದಲ್ಲಿ ಕುಣಿಯುವ ಹೆಂಗಸರು ಶನಿವಾರದ ಕುಣಿತವನ್ನು ನಮಗಾಗಿ ಮುಂದೆ ಹಾಕಿದರು. ಪಂದ್ಯ ಮುಗಿಯುವಷ್ಟರಲ್ಲಿ ಬೀಜದ ಸಿಪ್ಪೆ ಪಾದ ಮುಳುಗುವಷ್ಟು ಬಿದ್ದಿರುತ್ತಿತ್ತು. ಹೋಟೆಲಿನವರು ನನ್ನಿಂದ ಡಂಪ್ಲಿಂಗಿಗೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ನಾನೂ ನಾಚಿಕೆಯಿಲ್ಲದೆ ತಿನ್ನುತ್ತಿದ್ದೆ.

ಮೂರನೇ ವರ್ಷ ಲೀಗಿನ ಮೇಲಿನವರು ಹೊಸ ನಿಯಮ ತಂದರು. ಪಂದ್ಯ ಶುರುವಾಗುವಾಗ ಇಪ್ಪತ್ಮೂರು ವರ್ಷದೊಳಗಿನ ಒಬ್ಬನಾದರೂ ಮೈದಾನದಲ್ಲಿರಬೇಕು. ಎಳೆಯರು ಬೆಳೆಯಲಿ ಎಂಬುದು ಅವರ ಆಸೆ. ಎಷ್ಟು ಹೊತ್ತು ಆಡಿಸಬೇಕು ಎಂದು ಮಾತ್ರ ಅವರು ಹೇಳಿರಲಿಲ್ಲ. ಇಂಥದ್ದರಲ್ಲಿ ನಮ್ಮವರ ತಲೆ ಬಲು ಚುರುಕು. ಎಳೆಯನನ್ನು ಇಳಿಸುವುದು, ನಾಲ್ಕು ನಿಮಿಷಕ್ಕೆ ಹೊರಗೆ ಕರೆಯುವುದು. ಬದಲಿ ಆಟಗಾರನ ಚೀಟಿ ಬರೆದು ರೆಫರಿಗೆ ಕೊಡುವ ಕೆಲಸ ನನ್ನದು. ಆಟ ಶುರುವಾಗುವ ಮುಂಚೆಯೇ, ಬಟ್ಟೆ ಬದಲಿಸುವ ಕೋಣೆಯಲ್ಲೇ, ಅದನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಹೊರಗೆ ಮೂವತ್ತೇಳನೇ ನಂಬರ್, ಒಳಗೆ ಹತ್ತೊಂಬತ್ತು. ಹತ್ತೊಂಬತ್ತು ಫಾನ್‌ನ ತಂಗಿಯ ಮಗ, ಇಪ್ಪತ್ಮೂರು ದಾಟಿದವನು.

ಮೂವತ್ತೇಳು ಡೌ ಕೈಲಿನ್. ಅವನನ್ನು ಕ್ಲಬ್ಬಿಗೆ ತಂದವನು ನಾನೇ. ಅವನಪ್ಪ ರೈಲ್ವೆ ಸ್ಟೇಷನ್ ಹಿಂದಿನ ಸ್ನಾನದ ಮನೆಯಲ್ಲಿ ಗಿರಾಕಿಗಳ ಬೆನ್ನುಜ್ಜುತ್ತಿದ್ದ. ಇಪ್ಪತ್ತು ವರ್ಷದಿಂದ ನನ್ನ ಬೆನ್ನು ಅವನ ಕೈಗೇ. “ನನ್ ಮಗಾನೂ ಒದೀತಾನೆ ಮೇಷ್ಟ್ರೇ, ಒಂದ್ಸಲ ನೋಡಿ” ಎಂದಿದ್ದ. ನೋಡಿದೆ. ಹುಡುಗ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದ, ಅದೇ ನನ್ನನ್ನು ಕೊರೆಯುವುದು.

ತಂಡದವರು ಅವನಿಗೆ ಕಪ್ ನೂಡಲ್ಸ್ ಎಂದು ಹೆಸರಿಟ್ಟರು. “ಬಿಸಿನೀರು ಹುಯ್ದಿಟ್ಟಿದೀನಿ ಕಣೋ, ಬೇಯೋದ್ರೊಳಗೆ ಬಂದ್ಬಿಡು” ಎನ್ನುತ್ತಿದ್ದರು. ಬಟ್ಟೆ ಒಗೆಯುವ ಶಾವ್ ಅತ್ತೆ ಅವನ ಅಂಗಿ ಮೂಸಿ, “ಇದನ್ನೇನು ಒಗೀಲಿ, ಬೆವರೇ ಇಲ್ವಲ್ಲಪ್ಪಾ” ಎನ್ನುತ್ತಿದ್ದಳು. ಅವನು ನಗುತ್ತಿದ್ದ. ಆ ನಗುವನ್ನು ನಾನು ನೋಡುತ್ತಿರಲಿಲ್ಲ.

ಕೊನೆಯ ಪಂದ್ಯ ನಮ್ಮೂರಲ್ಲೇ. ಗೆದ್ದರೂ ಸೋತರೂ ಲೀಗಿನ ಪಟ್ಟಿಯಲ್ಲಿ ನಮ್ಮ ಜಾಗ ಕದಲುತ್ತಿರಲಿಲ್ಲ. ಹಿಂದಿನ ದಿನ ಕೈಲಿನ್ ನನ್ನ ಬಳಿ ಬಂದ.

“ಮೇಷ್ಟ್ರೇ, ನಾಳೆ ಅಪ್ಪ ಬರ್ತಾರೆ. ಶನಿವಾರ ಗಿರಾಕಿ ಜಾಸ್ತಿ ಅಂತ ಇಡೀ ವರ್ಷ ರಜಾ ಸಿಕ್ಕಿರ್ಲಿಲ್ಲ. ಒಂದರ್ಧ ಗಂಟೆ ಆಡ್ತೀನಿ. ಅಷ್ಟೇ.”

“ಅರ್ಧ ಗಂಟೆ ಯಾಕೋ? ಅರ್ಧ ಆಟ ಆಡು” ಎಂದೆ. ಆ ಗಳಿಗೆಯಲ್ಲಿ ಮನಸಾರೆ ಹೇಳಿದ ಮಾತೇ ಅದು.

ಅಂದು ರಾತ್ರಿ ಊಟಕ್ಕೆ ಕರೆದ ಫಾನ್, ಜೋಳದ ಸಾರಾಯಿಯ ಲೋಟವನ್ನು ನನ್ನ ಲೋಟಕ್ಕೆ ತಾಗಿಸಿ, “ಮುಂದಿನ್ ವರ್ಷ ಲ್ವಾನ್ ಇರಲ್ಲ. ಅವನ ಜಾಗಕ್ಕೆ ಹೆಡ್ ಕೋಚ್ ನೀನೇ. ನನ್ ತಂಗಿ ಮಗನ್ನ ಸ್ವಲ್ಪ ನೋಡ್ಕೋ” ಎಂದ. ನನಗಾಗ ಐವತ್ತೆರಡು. ಜೀವನವಿಡೀ ಇನ್ನೊಬ್ಬರ ಪಕ್ಕದ ಕುರ್ಚಿಯಲ್ಲಿ ಕೂತವನು.

ಪಂದ್ಯದ ದಿನ ಹೆಡ್ ಕೋಚ್ ಲ್ವಾನ್ ಕಾಲು ಚಾಚಿ ಕೂತು, “ಇವತ್ತು ಯಾರನ್ನಾದ್ರೂ ಆಡ್ಸು, ನಿನ್ನಿಷ್ಟ. ನಾನಂತೂ ಊರಿಗೆ ಹೊರಟವನು” ಎಂದ. ಹಾಗಾಗಿ ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಅಭ್ಯಾಸಬಲದಿಂದ ಬರೆದ ಚೀಟಿ ಜೇಬಿನಲ್ಲಿತ್ತು. ಹರಿದು ಹಾಕಿದರೆ ಮುಗಿಯುತ್ತಿತ್ತು. ಮೂರನೇ ನಿಮಿಷದಲ್ಲಿ ಕೈಲಿನ್ ಇಬ್ಬರನ್ನು ದಾಟಿ ಚೆಂಡು ಕೊಟ್ಟ, ಮುದುಕರು ಹೆಲ್ಮೆಟ್ ಬಡಿದರು. ನಾನು ತಿರುಗಿ ಮೇಲಿನ ಗ್ಯಾಲರಿಯತ್ತ ನೋಡಿದೆ. ಫಾನ್ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದನಷ್ಟೆ. ನನಗೆ ಅಷ್ಟು ಸಾಕಾಯಿತು. ಚೀಟಿ ಕೊಟ್ಟುಬಿಟ್ಟೆ.

ಬದಲಿ ತೋರಿಸುವ ಹಲಗೆಯ ಮೇಲೆ ಮೂವತ್ತೇಳು ಎಂದು ಕೆಂಪಗೆ ಹೊತ್ತಿಕೊಂಡಿತು. ಕೈಲಿನ್ ಒಂದು ಕ್ಷಣ ಅದು ತನ್ನ ನಂಬರೇ ಅಲ್ಲ ಎನ್ನುವಂತೆ ನಿಂತ. ಆಮೇಲೆ ಬಂದು ಜಾಕೆಟ್ ಹಾಕಿಕೊಂಡು ಕೂತ.

ಹತ್ತನೇ ನಿಮಿಷಕ್ಕೆ ಅವನಪ್ಪ ಓಡಿಬಂದ. ತಲೆ ಇನ್ನೂ ಒದ್ದೆ, ಮೈಯೆಲ್ಲ ಸಾಬೂನಿನ ವಾಸನೆ, ಕೈಯಲ್ಲಿ ಬೀಜದ ಪೊಟ್ಟಣ. ಬೇಲಿ ಹಿಡಿದು, “ಮೂವತ್ತೇಳು ಎಲ್ರಪ್ಪಾ? ನನ್ ಮಗ, ಮೂವತ್ತೇಳು!” ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಕೈಲಿನ್ ಎದ್ದು ಬೇಲಿಯತ್ತ ಹೋದ. ಎರಡು ಹೆಜ್ಜೆ ಇಟ್ಟಮೇಲೆ ನೆನಪಾದವನಂತೆ ಎಡಗಾಲು ಕುಂಟಿದ.

“ಕಾಲು ಉಳುಕ್ತಪ್ಪಾ. ಮೇಷ್ಟ್ರೇ ನೋಡಿ ಹೊರಗೆ ಕರೆದ್ರು.”

ಅಪ್ಪ ಬೇಲಿಯ ಮೇಲಿಂದ ನನಗೆ ಕೈ ಮುಗಿದಂತೆ ಮಾಡಿ, “ಒಳ್ಳೇದಾಯ್ತು ಮೇಷ್ಟ್ರೇ, ಒಳ್ಳೇದ್ ಮಾಡಿದ್ರಿ” ಎಂದು ಕೂಗಿದ. ಭೂಮಿ ಬಾಯಿ ಬಿಡಬಾರದೆ ಎನಿಸಿತು. ನಾನು ತಲೆಯಾಡಿಸಿದೆ.

ಚಳಿಗಾಲ ಕಳೆಯುವ ಮುಂಚೆಯೇ ಕ್ಲಬ್ ಸತ್ತಿತು. ಫಾನ್‌ಗೆ ಬೇಕಿದ್ದದ್ದು ಮೈದಾನದ ಪಕ್ಕದ ಜಾಗ. ಅಲ್ಲಿ ಮನೆ ಕಟ್ಟಲು ಊರಿನ ದೊಡ್ಡವರು ಒಪ್ಪಿದ್ದೇ ತಡ, ಅವನಿಗೆ ಫುಟ್‌ಬಾಲ್ ಬೇಸರವಾಯಿತು. ಮುಂದಿನ ವರ್ಷದ ತಂಡಗಳ ಪಟ್ಟಿ ಬಂದಾಗ ನಮ್ಮ ಹೆಸರೇ ಇರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಗೇಟಿಗೆ ಬೀಗ, ಒಳಗೆ ಹಿಮದ ಮೇಲೆ ಬೀಜದ ಸಿಪ್ಪೆ. ಮುದುಕರು ಹೆಲ್ಮೆಟ್ ಹಾಕಿಕೊಂಡು ಒಂದು ಶನಿವಾರ ಬಂದು ಗೇಟಿನ ಮುಂದೆ ನಿಂತು ಹೋದರಂತೆ. ನಾನು ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ?

ಕೈಲಿನ್‌ನನ್ನು ಯಾವ ಕ್ಲಬ್ಬೂ ಕರೆಯಲಿಲ್ಲ. ವರ್ಷವಿಡೀ ಅವನು ಆಡಿದ ಆಟವನ್ನೆಲ್ಲ ಕೂಡಿಸಿದರೂ ಒಂದೂವರೆ ಪಂದ್ಯವಾಗುತ್ತಿರಲಿಲ್ಲ. ಅಂಥವನನ್ನು ಯಾರು ಕೇಳುತ್ತಾರೆ?

ಒಂದು ವರ್ಷ ಆ ಸ್ನಾನದ ಮನೆಯ ಕಡೆ ತಲೆ ಹಾಕಲಿಲ್ಲ. ಹೊಸವರ್ಷದ ಹಬ್ಬದ ಹಿಂದಿನ ದಿನ ಊರಿನ ಬೇರೆಲ್ಲ ಸ್ನಾನದ ಮನೆಗಳೂ ತುಂಬಿದ್ದವು. ಕೊಳೆ ಹೊತ್ತು ಹಬ್ಬ ಮಾಡುವಂತಿಲ್ಲವಲ್ಲ, ಹೋದೆ. “ಎಷ್ಟು ದಿನ ಆಯ್ತು ಮೇಷ್ಟ್ರೇ!” ಎಂದು ಕೈಲಿನ್‌ನ ಅಪ್ಪ ಡೌ ನನ್ನನ್ನು ಹಲಗೆಯ ಮೇಲೆ ಬೋರಲು ಮಲಗಿಸಿ ಉಜ್ಜತೊಡಗಿದ. ಪಕ್ಕದ ಹಲಗೆಯಲ್ಲಿ ಯಾರದೋ ಬೆನ್ನು, ಅದನ್ನು ಉಜ್ಜುತ್ತಿದ್ದವನು ಕೈಲಿನ್. “ಬಂದ್ರಾ ಮೇಷ್ಟ್ರೇ” ಎಂದ, ಮೊದಲಿನ ಹಾಗೇ ನಕ್ಕು.

“ಒಂದ್ ಮಾತು ಕೇಳ್ಬೇಕು ಅಂತಿದ್ದೆ” ಎಂದ ಡೌ. “ಅವತ್ತು ಇವನ ಕಾಲು ಉಳುಕದೆ ಇದ್ದಿದ್ರೆ, ಎಷ್ಟೊತ್ತು ಆಡ್ತಿದ್ದ?”

ಪಕ್ಕದ ಹಲಗೆಯಲ್ಲಿ ಉಜ್ಜುವ ಸದ್ದು ನಿಂತಿತು.

“ಪೂರ್ತಿ ಆಟ” ಎಂದೆ. “ತೊಂಬತ್ತು ನಿಮಿಷಾನೂ ಆಡಿಸ್ತಿದ್ದೆ.”

“ಕೇಳಿದ್ಯೇನೋ!” ಎಂದು ಡೌ ಮಗನಿಗೆ ಹೇಳಿದ. ಪಕ್ಕದ ಹಲಗೆಯಲ್ಲಿ ಉಜ್ಜುವ ಸದ್ದು ಮತ್ತೆ ಶುರುವಾಯಿತು.

ಡೌ ನನ್ನ ಬೆನ್ನನ್ನು ಎರಡು ಸಲ ತಟ್ಟಿದ. ತಿರುಗಿ ಮಲಗಿ ಎಂದು ಅದರ ಅರ್ಥ. ತಿರುಗಿದರೆ ಅಪ್ಪ ಮಗ ಇಬ್ಬರ ಮುಖವೂ ಕಣ್ಣೆದುರೇ ಇರುತ್ತಿತ್ತು.

“ಇನ್ನೊಂದ್ಸಲ ಬೆನ್ನೇ ಉಜ್ಜಣ್ಣ” ಎಂದೆ.

“ಬೆನ್ನು ಚೊಕ್ಕ ಆಗಿದೆ ಮೇಷ್ಟ್ರೇ” ಎಂದ ಅವನು.

“ಇರಲಿ, ಉಜ್ಜು” ಎಂದೆ.