ಪಾಲಾಗದ ಸದ್ದು

ಆ ಬೆಳಿಗ್ಗೆ ಬಲೆ ಭಾರವಾಗಿತ್ತು. ಮೀನಿನ ಭಾರ ಯಾವುದು, ಬೇರೆ ಭಾರ ಯಾವುದು ಎಂಬುದು ಎಳೆಯುವ ಕೈಗೇ ಗೊತ್ತಾಗುತ್ತದೆ. ಮೀನು ಬಿದ್ದ ಬಲೆ ಒದ್ದಾಡುತ್ತದೆ. ಇದು ಎಳೆದಷ್ಟೂ ಸುಮ್ಮನೆ ಬರುತ್ತಿತ್ತು. ತಕ್ಕಡಿಯಣ್ಣ ಹಗ್ಗ ಎಳೆಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಆಚೆ ನೋಡಿ, ಆಮೇಲೆ ಮತ್ತೆ ಎಳೆದರು.

ಬಂದದ್ದು ಸತ್ತ ಕಡಲಹಂದಿ. ಹೆಸರಿನಲ್ಲಿ ಹಂದಿ ಇದ್ದರೂ ಅದು ಡಾಲ್ಫಿನ್ನಿನ ಚಿಕ್ಕ ತಂಗಿಯಂಥ ಪ್ರಾಣಿ. ಚೂಪು ಮೂತಿ ಇಲ್ಲ, ದುಂಡು ಮೋರೆ, ಸದಾ ನಕ್ಕಂತಿರುವ ಬಾಯಿ. ಸತ್ತ ಮೇಲೂ ಆ ನಗು ಹೋಗುವುದಿಲ್ಲ. ತಕ್ಕಡಿಯಣ್ಣನಿಗೆ ಅದನ್ನೇ ನೋಡಲಾಗುತ್ತಿರಲಿಲ್ಲ.

ಆ ಹಂಗಾಮಿನಲ್ಲಿ ಅದು ಎರಡನೆಯದು. ಮೂರನೆಯದು ಸತ್ತು ಬಂದರೆ ಅಳಿವೆ ಬಾಯಿಯಲ್ಲಿ, ಅಂದರೆ ನದಿ ಕಡಲು ಸೇರುವ ಜಾಗದಲ್ಲಿ, ಯಾರೂ ಬಲೆ ಹಾಕುವಂತಿಲ್ಲ ಎಂದು ಮೀನುಗಾರರ ಸಂಘ ತೀರ್ಮಾನಿಸಿತ್ತು. ದೊಡ್ಡ ದೋಣಿಯವರು ಆಳ ಕಡಲಿಗೆ ಹೋಗಿ ಬಂದಾರು. ತಕ್ಕಡಿಯಣ್ಣನ ಪುಟ್ಟ ದೋಣಿಗೂ, ಸವೆದ ಮಂಡಿಗೂ ಅಳಿವೆಯೇ ಗತಿ. ಅದು ಮುಚ್ಚಿದರೆ ಅವರ ಮನೆಯ ಒಲೆ ಉರಿಯುವುದು ಕಷ್ಟ.

ತಕ್ಕಡಿಯಣ್ಣ ಎಂಬುದು ಊರಿಟ್ಟ ಹೆಸರು. ತಂದೆ ತೀರಿಕೊಂಡ ಮೇಲೆ ಅವರು ತಮ್ಮನೊಂದಿಗೆ ಎಲ್ಲವನ್ನೂ ಸಮಸಮನಾಗಿ ಪಾಲು ಮಾಡಿದ್ದರು. ಮನೆಗೆ ನಡುಗೋಡೆ ಎದ್ದಿತು. ಅಪ್ಪ ಕೂರುತ್ತಿದ್ದ ಮರದ ಬೆಂಚಿಗೂ ಗರಗಸ ಬಿತ್ತು. “ಅರ್ಧ ಬೆಂಚು ನಮ್ಮಲ್ಲಿ, ಅರ್ಧ ಬೆಂಚು ಅವರಲ್ಲಿ. ಎರಡೂ ನಿಲ್ಲಲ್ಲ, ಗೋಡೆಗೆ ಒರಗಿಸಿದೀವಿ. ಸದ್ಯ, ನನ್ನನ್ನ ಪಾಲು ಮಾಡಲಿಲ್ಲ” ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡನೆಯದು ಸತ್ತು ಬಂದ ಸುದ್ದಿ ಕೇಳಿ ಸಂಘದ ಕಾರ್ಯಕರ್ತೆ ಚೀಲ ಹೊತ್ತು ಬಂದಳು. ಚೀಲದ ತುಂಬ ಹಳದಿ ಬಣ್ಣದ, ಸ್ವಲ್ಪ ಬಾಗಿದ ಪ್ಲಾಸ್ಟಿಕ್ ಕೊಳವೆಗಳು. ಅವುಗಳ ಹೆಸರು ಪಿಂಗರ್ ಎಂದು ಅವಳು ಎಷ್ಟು ಸಲ ಹೇಳಿದರೂ ಊರಿನವರಿಗೆ ಅದು ಬಾಳೆಹಣ್ಣೇ. ಹಂಚುವವಳು ಬಾಳೆಹಣ್ಣಕ್ಕ.

ತಕ್ಕಡಿಯಣ್ಣ ಒಂದನ್ನು ಕಿವಿಗೆ ಹಿಡಿದು ನೋಡಿದರು. ಅಲ್ಲಾಡಿಸಿದರು. ಇನ್ನೊಂದು ಕಿವಿಗೆ ಹಿಡಿದರು.

“ಇದು ಸದ್ದು ಮಾಡುತ್ತೆ ಅಂದ್ಯಲ್ಲಮ್ಮ. ಸೊಲ್ಲೇ ಇಲ್ಲ.”

“ಒಣಗಿದ್ದಾಗ ಸುಮ್ಮನಿರುತ್ತೆ ಅಣ್ಣ. ಉಪ್ಪುನೀರು ತಾಗಿದ ಮೇಲೇ ಕೂಗೋದು.”

“ಉಪ್ಪು ಹಾಕಿದರೆ ಸಾಕಾ, ಒಗ್ಗರಣೆನೂ ಕೊಡಬೇಕಾ?”

ಅವರ ಹೆಂಡತಿ ಕಡಲಿನಿಂದ ಒಂದು ಬಕೆಟ್ ನೀರು ತಂದಿಟ್ಟರು. ಬಾಳೆಹಣ್ಣಕ್ಕ ಕೊಳವೆಯನ್ನು ಅದರೊಳಗೆ ಮುಳುಗಿಸಿದಳು. ಮೂವರೂ ಬಗ್ಗಿ ಕಿವಿಗೊಟ್ಟರು. ಏನೂ ಇಲ್ಲ.

“ನಮ್ಮ ಕಿವಿಗೆ ಕೇಳಿಸದಷ್ಟು ಕೀರಲು ಸ್ವರ ಅದು” ಎಂದಳು ಬಾಳೆಹಣ್ಣಕ್ಕ.

“ನೋಡಮ್ಮ, ಕೇಳಿಸದೇ ಇದ್ರೆ ಮೋಸ. ಕೇಳಿಸಿದರೆ ಮೀನೂ ಓಡಿಹೋಗುತ್ತೆ. ಎರಡರಲ್ಲಿ ನಿನಗೆ ಯಾವುದು ಬೇಕು?”

ಬಾಳೆಹಣ್ಣಕ್ಕ ಬಲೆಯ ರಾಶಿಯ ಕಡೆ ಬೆರಳು ತೋರಿಸಿದಳು. ಅಲ್ಲಿ ಮನೆಯ ಬೆಕ್ಕು ಮಲಗಿತ್ತು. ಕಾಲಿನಿಂದ ತಳ್ಳಿದರೂ ಏಳದ ಬೆಕ್ಕು. ಈಗ ಅದರ ಕಣ್ಣು ತೆರೆದಿದ್ದವು, ಎರಡೂ ಕಿವಿ ಬಕೆಟ್ಟಿನತ್ತ ತಿರುಗಿದ್ದವು. ಕೊಳವೆಯನ್ನು ಎತ್ತಿ ಒರೆಸಿದಳು. ಬೆಕ್ಕು ತಲೆ ಕೆಳಗಿಟ್ಟಿತು. ಮತ್ತೆ ಮುಳುಗಿಸಿದಳು. ಬೆಕ್ಕು ಎದ್ದು, ಬಲೆಯಿಂದ ಇಳಿದು, ಬೇಸರದಿಂದ ಹೊರಗೆ ಹೋಯಿತು.

ತಕ್ಕಡಿಯಣ್ಣ ಅದು ಹೋದ ಬಾಗಿಲನ್ನೇ ನೋಡಿದರು. “ಅಂದರೆ ಬೆಕ್ಕಿಗಿರೋ ಕಿವಿ ನನಗಿಲ್ಲ ಅಂತಾಯ್ತು.”

“ಮದುವೆ ಆದಾಗಿಂದ ಹೇಳ್ತಿದೀನಿ” ಎಂದರು ಹೆಂಡತಿ.

ಬಾಳೆಹಣ್ಣಕ್ಕ ಕೂತು ವಿವರಿಸಿದಳು. “ಕಡಲಹಂದಿ ಮೀನಲ್ಲ ಅಣ್ಣ. ನಮ್ಮ ಹಾಗೆ ಗಾಳಿ ಉಸಿರಾಡುತ್ತೆ, ಮರಿಗೆ ಹಾಲು ಕೊಡುತ್ತೆ. ಬಲೆಗೆ ಸಿಕ್ಕಿ ಮೇಲೆ ಬರಕ್ಕಾಗದೆ ಇದ್ರೆ, ನೀರಲ್ಲೇ ಹುಟ್ಟಿದ ಪ್ರಾಣಿ ಉಸಿರುಗಟ್ಟಿ ಸಾಯುತ್ತೆ. ಮಬ್ಬು ನೀರಲ್ಲಿ ಅದು ಕಣ್ಣು ನಂಬಲ್ಲ. ಸದ್ದು ಬಿಟ್ಟು, ಅದು ಎಲ್ಲಿಗೋ ತಾಗಿ ವಾಪಸ್ ಬರೋದನ್ನ ಕೇಳಿ ದಾರಿ ತಿಳ್ಕೊಳ್ಳುತ್ತೆ. ನಮ್ಮ ನೈಲಾನ್ ದಾರ ಎಷ್ಟು ತೆಳು ನೋಡಿ. ಅದರಿಂದ ಸದ್ದು ಸರಿಯಾಗಿ ವಾಪಸ್ ಬರೋದೇ ಇಲ್ಲ. ಈ ಬಾಳೆಹಣ್ಣು ಕೂಗಿದರೆ, ಇಲ್ಲೇನೋ ಇದೆ ಅಂತ ಸುತ್ತುಹಾಕಿ ಹೋಗುತ್ತೆ. ನಾವು ಹಿಡಿಯೋ ಮೀನಿಗೆ ಈ ಸ್ವರ ಕೇಳಿಸಲ್ಲ.”

ಕೊನೆಗೆ ನಿಮ್ಮ ಬಲೆಯ ಉದ್ದಕ್ಕೆ ಎಂಟು ಬೇಕು ಎಂದು ಎಂಟನ್ನು ಕೊಟ್ಟು, ಒಂದೇ ಅಂತರದಲ್ಲಿ ಅಷ್ಟನ್ನೂ ಕಟ್ಟಿ ಎಂದು ಹೇಳಿ, ಅವಳು ಮುಂದಿನ ಮನೆಗೆ ಹೋದಳು.

ತಕ್ಕಡಿಯಣ್ಣ ಎಂಟನ್ನೂ ಬುಟ್ಟಿಯಲ್ಲಿಟ್ಟು ನೋಡಿದರು. ನಡುಗೋಡೆಯ ಆಚೆ ತಮ್ಮ ಕೆಮ್ಮುತ್ತಿದ್ದ. ಅವನು ಸಂಘದ ಸಭೆಗೆ ಹೋಗಿರಲಿಲ್ಲ. ಅಲ್ಲಿ ಹೆಸರು ಬರೆಸದವರಿಗೆ ಮುಂದಿನ ಹಂಗಾಮಿನವರೆಗೆ ಕೊಳವೆ ಸಿಗುತ್ತಿರಲಿಲ್ಲ. ಅವನ ಬಲೆಯೂ ಅದೇ ಅಳಿವೆಯಲ್ಲಿ, ಕೂಗಳತೆ ದೂರದಲ್ಲಿ ಬೀಳುವುದು.

ಸಂಜೆ ತಕ್ಕಡಿಯಣ್ಣ ನಾಲ್ಕನ್ನು ತೆಗೆದುಕೊಂಡು ತಮ್ಮನ ಬಾಗಿಲಿಗೆ ಹೋದರು.

“ತಗೋ. ನನಗೆ ನಾಲ್ಕು, ನಿನಗೆ ನಾಲ್ಕು.”

“ಬೇಡ ಬಿಡಣ್ಣ. ಆಮೇಲೆ ಊರೆಲ್ಲಾ, ಅಣ್ಣನ ಪಾಲು ತಿಂದ ಅಂತಾರೆ.”

“ನನ್ನ ಬಲೆಗೆ ಕಾವಲಿದ್ದು, ನಿನ್ನ ಬಲೆಗೆ ಬಿದ್ದು ಸತ್ತರೆ ಅಳಿವೆ ಮುಚ್ಚಲ್ವಾ? ಮುಚ್ಚಿದರೆ ಇಬ್ಬರ ಬಾಯಿಗೂ ಮಣ್ಣೇ.”

ತಮ್ಮ ತೆಗೆದುಕೊಂಡ. ಅಣ್ಣನ ಮಾತಿನಲ್ಲಿ ತಪ್ಪು ಹುಡುಕಲು ಆಗುವಂತಿರಲಿಲ್ಲ. ತಕ್ಕಡಿಯಣ್ಣ ಮನೆಗೆ ಬಂದು, ಬಲೆಯ ಮೇಲಿನ ಹಗ್ಗಕ್ಕೆ ಒಂದು ಬಿಟ್ಟು ಒಂದು ಜಾಗದಲ್ಲಿ ಕೊಳವೆ ಕಟ್ಟಿ, ನೆಮ್ಮದಿಯಿಂದ ನಿದ್ದೆಹೋದರು.

ಕೆಲವು ದಿನ ಮೀನು ಎಂದಿನಂತೆ ಬಿತ್ತು. ಮೀನು ಓಡಿಹೋಗುತ್ತದೆ ಎಂಬ ಭಯ ಹೋಯಿತು. ಆಮೇಲೊಂದು ಬೆಳಿಗ್ಗೆ, ಹಗ್ಗ ಎಳೆಯುವಾಗ ಕೈಗೆ ಮತ್ತೆ ಆ ಭಾರ ಸಿಕ್ಕಿತು. ಈ ಸಲ ಭಾರ ಅಲ್ಲಾಡುತ್ತಿತ್ತು.

“ತಮ್ಮಾ, ಬೇಗ ಬಾ” ಎಂದು ತಕ್ಕಡಿಯಣ್ಣ ಕೂಗಿದರು. ಪಾಲಾದ ಮೇಲೆ ಅವರು ಅವನನ್ನು ಹಾಗೆ ಕರೆದದ್ದೇ ಇಲ್ಲ.

ತಮ್ಮ ತನ್ನ ದೋಣಿಯನ್ನು ಪಕ್ಕಕ್ಕೆ ತಂದ. ಕಡಲಹಂದಿಯ ಬಾಲಕ್ಕೂ ಒಂದು ರೆಕ್ಕೆಗೂ ಬಲೆ ಸುತ್ತಿಕೊಂಡಿತ್ತು. ತಮ್ಮ ಬಾಲಕ್ಕೆ ಕೈ ಹಾಕಿದ.

“ಬಾಲ ಹಿಡಿದು ಎಳೀಬೇಡ, ಮುರಿಯುತ್ತೆ. ತಲೆ ಮೇಲೆತ್ತು. ಉಸಿರಿನ ತೂತು ತಲೆ ಮೇಲಿದೆ, ಅದು ನೀರಿಂದ ಹೊರಗಿರಲಿ. ಅದರ ಮೇಲೆ ಕೈ ಇಡಬೇಡ.”

ತಮ್ಮ ದೋಣಿಯಿಂದ ಬಗ್ಗಿ, ಎರಡೂ ತೋಳನ್ನು ಅದರ ಎದೆಯ ಕೆಳಗೆ ಕೊಟ್ಟು ಹಿಡಿದ. ತಕ್ಕಡಿಯಣ್ಣ ಚಾಕು ತೆಗೆದು, ತಾವೇ ಹೆಣೆದ ಬಲೆಯನ್ನು ಕಣ್ಣು ಕಣ್ಣಾಗಿ ಕತ್ತರಿಸಿದರು. ಪ್ರಾಣಿ ಮಿಸುಕಲಿಲ್ಲ. ಇಷ್ಟು ಹೊತ್ತು ಅಲ್ಲಾಡುತ್ತಿದ್ದದ್ದು ಈಗ ಸುಮ್ಮನಾಗಿತ್ತು. ಆಗ ‘ಫುಸ್ಸ್’ ಎಂದು ಒಂದು ಉಸಿರು ಹೊರಬಂತು. ಬೆಚ್ಚಗೆ, ಒದ್ದೆಯಾಗಿ, ತಮ್ಮನ ಮುಖಕ್ಕೇ ಬಡಿಯಿತು.

ಕೊನೆಯ ದಾರ ಕಡಿದ ಮೇಲೂ ತಮ್ಮ ಅದನ್ನು ತಕ್ಷಣ ಬಿಡಲಿಲ್ಲ. ಅದು ಇನ್ನೂ ಕೆಲವು ಸಲ ಉಸಿರಾಡುವವರೆಗೆ ಹಿಡಿದೇ ಇದ್ದ. ಆಮೇಲೆ ಅದು ತಾನಾಗಿಯೇ ತೋಳಿನಿಂದ ಜಾರಿಕೊಂಡು ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ತಮ್ಮ ಮೆಲ್ಲಗೆ ಹೇಳಿದ: “ಬದುಕಿ ಹೋಯ್ತಲ್ಲ ಅಣ್ಣ. ಯಾರಿಗೂ ಹೇಳೋದು ಬೇಡ. ಹೇಳಿದರೆ ಅಳಿವೆ ಮುಚ್ಚಿಬಿಟ್ಟಾರು.”

ತಕ್ಕಡಿಯಣ್ಣನಿಗೂ ಅದೇ ಭಯ. ಆದರೆ ಇನ್ನೊಂದು ಪ್ರಶ್ನೆ ಅದಕ್ಕಿಂತ ಜೋರಾಗಿ ಕೊರೆಯುತ್ತಿತ್ತು. “ಬಾಳೆಹಣ್ಣು ಕಟ್ಟಿದ್ದೆವಲ್ಲ. ಕೂಗಿದ್ದೂ ನಿಜ. ಹಾಗಿದ್ದೂ ಯಾಕೆ ಬಂತು? ಬಾಳೆಹಣ್ಣಕ್ಕನ್ನ ವಿಚಾರಿಸದೇ ಇದ್ರೆ ನಾಳೆ ಇನ್ನೊಂದು ಬರುತ್ತೆ. ಅದು ಬದುಕಿರಲ್ಲ.”

ಹರಿದ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವರು ನೇರ ಸಂಘದ ಕೋಣೆಗೇ ಹೋದರು. ತಮ್ಮ ಹಿಂದೆಯೇ ಬಂದ. ಬಾಳೆಹಣ್ಣಕ್ಕ ಬಲೆಯನ್ನು ನೆಲದ ಮೇಲೆ ಉದ್ದಕ್ಕೆ ಹರಡಿಸಿದಳು. ಕೊಳವೆಗಳನ್ನು ನೋಡಿದಳು. ಕತ್ತರಿಸಿದ ಜಾಗ ಎರಡು ಕೊಳವೆಗಳ ಸರಿಯಾಗಿ ನಡುವೆ ಇತ್ತು.

“ಇನ್ನು ನಾಲ್ಕು ಎಲ್ಲಿ?”

“ತಮ್ಮನ ಬಲೆಗೆ ಕೊಟ್ಟೆ. ಪಾಲು.”

ಅವಳು ಬೈಯಲಿಲ್ಲ. ಕೊಳವೆಗಳ ನಡುವಿನ ಬರಿದಾದ ಹಗ್ಗದ ಮೇಲೆ ಕೈ ಆಡಿಸಿದಳು. “ಇಲ್ಲೊಂದು ಕೂಗ್ತಿದೆ, ಅಲ್ಲೊಂದು ಕೂಗ್ತಿದೆ, ಮಧ್ಯೆ ಮೌನ. ಕೂಗು ಇರೋ ಕಡೆ ಗೋಡೆ, ಮೌನ ಇರೋ ಕಡೆ ಬಾಗಿಲು ಅಂತ ಅದು ತಿಳ್ಕೊಂಡಿರಬೇಕು. ಅರ್ಧ ಕಟ್ಟಿದರೆ ಅರ್ಧ ಲಾಭ ಬರಲ್ಲ ಅಣ್ಣ. ಏನೂ ಕಟ್ಟದೆ ಇರೋದಕ್ಕಿಂತ ಕೆಡುಕೂ ಆಗಬಹುದು. ಅಷ್ಟನ್ನೂ ಕಟ್ಟಿ ಅಂದೆ, ಯಾಕೆ ಅಂತ ಹೇಳದೆ ಹೋದೆ. ಅದು ನನ್ನ ತಪ್ಪು.”

ತಕ್ಕಡಿಯಣ್ಣ ಬರಿದಾದ ಹಗ್ಗವನ್ನು ಗೇಣಿನಿಂದ ಅಳೆದು ನೋಡಿದರು. “ಅರ್ಧ ಬೇಲಿ ಹಾಕಿ ದನಕ್ಕೆ ನಾನೇ ದಾರಿ ತೋರಿಸಿದ ಹಾಗಾಯ್ತು” ಎಂದರು. “ಈಗ ಅಳಿವೆ?”

“ಸತ್ತಿದ್ದರೆ ಮುಚ್ಚುತ್ತಿತ್ತು. ನೀವೇ ಬಂದು ಹೇಳಿದಿರಲ್ಲ, ಸಭೆಗೂ ಹೇಳೋಣ. ಇದು ಕೇಳಿದರೆ ಬೇರೆಯವರೂ ಎಣಿಸಿ ಕಟ್ಟುತ್ತಾರೆ. ಆದರೆ ಇನ್ನೊಂದು ಸಲ ಹೀಗಾಗೋದು ಬೇಡ.”

ಇಬ್ಬರೂ ತಕ್ಕಡಿಯಣ್ಣನ ಮನೆಗೆ ಬಂದಾಗ ಸಮಸ್ಯೆ ಹಾಗೇ ಇತ್ತು. ಕೊಳವೆ ಎಂಟು, ಬಲೆ ಎರಡು. ಎಂಟನ್ನೂ ಇಟ್ಟುಕೊಂಡರೆ ತಮ್ಮನ ಬಲೆ ಬರಿದು. ತಕ್ಕಡಿಯಣ್ಣ ಲೆಕ್ಕ ಹಾಕಿದಷ್ಟೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು.

“ಸದ್ದನ್ನ ಯಾಕೆ ಪಾಲು ಮಾಡ್ತೀರಿ?” ಎಂದು ಹೆಂಡತಿ ಕೇಳಿದರು. “ಒಂದೇ ಬಲೆ ಹಾಕಿ. ಎಂಟನ್ನೂ ಅದಕ್ಕೇ ಕಟ್ಟಿ. ಇಬ್ಬರೂ ಎಳೀರಿ. ಪಾಲು ಮಾಡಲೇಬೇಕು ಅಂದ್ರೆ ಮೀನು ಮಾಡ್ಕೊಳ್ಳಿ.”

ತಮ್ಮ ನೆಲ ನೋಡಿದ. “ಒಂದೇ ದೋಣೀಲಿ ಅಣ್ಣನ ಬೈಗುಳ ಕೇಳ್ತಾ ಕೂರಬೇಕಲ್ಲ ಅತ್ತಿಗೆ.”

“ಅವರಿಗೆ ನೀನಂದದ್ದು ಕೇಳಿಸಲ್ಲ. ತಿರುಗಿಸಿ ಬೈದುಕೋ.”

ತಕ್ಕಡಿಯಣ್ಣ ಇದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡರು. ಎದ್ದು, ಕೊಳವೆಗಳ ಬುಟ್ಟಿಯನ್ನು ತಮ್ಮನ ಮುಂದಿಟ್ಟು, “ನೀನು ಅಂತರ ಅಳೆದು ಹೇಳು, ನಾನು ಕಟ್ತೀನಿ” ಎಂದರು.

ಅಂದಿನಿಂದ ಅಣ್ಣ ತಮ್ಮ ಒಂದೇ ದೋಣಿಯಲ್ಲಿ ಹೋದರು. ಒಂದೇ ಬಲೆಗೆ ಸಿಗುವ ಮೀನು ಎರಡು ಬಲೆಯಷ್ಟಿರಲಿಲ್ಲ. ಕೈ ಬಿಗಿ ಹಿಡಿದು ಬದುಕಿದರು. ಒಂದು ದಿನ ಒಂದು ಕೊಳವೆಯ ಬ್ಯಾಟರಿ ಮುಗಿದಿತ್ತು. ತಮ್ಮ, “ಏಳು ಇದೆಯಲ್ಲ, ಇವತ್ತೊಂದು ದಿನ ನಡೆಯುತ್ತೆ” ಎಂದ. ತಕ್ಕಡಿಯಣ್ಣ ಸದ್ದು ನಿಂತಷ್ಟು ಉದ್ದದ ಬಲೆಯನ್ನು ಬಿಚ್ಚಿ ದಡದಲ್ಲಿಟ್ಟು, ಉಳಿದ ಗಿಡ್ಡ ಬಲೆಯೊಂದಿಗೆ ಹೊರಟರು. ಆ ಹಂಗಾಮು ಮುಗಿಯುವವರೆಗೆ ಅಳಿವೆಯಲ್ಲಿ ಮೂರನೆಯ ಸಾವು ಆಗಲಿಲ್ಲ. ಅಳಿವೆ ಮುಚ್ಚಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ ನಿಮ್ಮದಾದರೆ, ನಿಮ್ಮ ಕಡೆ ಓಡಾಡುವ ಪ್ರಾಣಿ ಯಾವುದು, ಅದಕ್ಕೆ ಯಾವ ಕೊಳವೆ ಸರಿ ಎಂದು ತಿಳಿದವರನ್ನು ಕೇಳಿ. ಎಲ್ಲ ಡಾಲ್ಫಿನ್ನಿಗೂ, ಎಲ್ಲ ತಿಮಿಂಗಿಲಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಜೀವಂತ ಸಿಕ್ಕಿದರೆ ಉಸಿರಿನ ತೂತನ್ನು ನೀರಿನ ಮೇಲಿಟ್ಟು, ಬಾಲ ಎಳೆಯದೆ, ಬಲೆ ಕತ್ತರಿಸಿ ಬಿಡಿ. ಸತ್ತು ಸಿಕ್ಕಿದರೆ ಮುಚ್ಚಿಡದೆ ಹೇಳಿ. ಎಲ್ಲಿ ತಪ್ಪುತ್ತಿದೆ ಎಂದು ತಿಳಿಯುವುದು ಹಾಗೆಯೇ.

ನಾಳೆ ಬಲೆ ಇಳಿಸುವ ಮೊದಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈ ಆಡಿಸಿ ಎಣಿಸಿ. ಒಂದು ಕಡಿಮೆ ಇದ್ದರೆ ಬಲೆಯೂ ಅಷ್ಟು ಕಡಿಮೆ ಇಳಿಯಲಿ.