ಅಮ್ಮನ ಹೆಬ್ಬೆರಳಿಗೆ ಅಂಟುವಾಳ

ಗುಳ್ಳೆ ಒಡೆಯುವಾಗ ಸದ್ದಾಗ್ತದಾ ಇಲ್ವಾ, ಕಿವಿ ಹತ್ತಿರ ತಂದರೆ ಏನೋ ಚಿಟಿಚಿಟಿ, ತಪ್ಪಲೆ ತುಂಬ ಪಿಸುಮಾತು, ಅಂಟುವಾಳದ ನೊರೆ ಸೋಪಿನ ನೊರೆಯ ಹಾಗಲ್ಲ, ಸಣ್ಣ ಸಣ್ಣದು, ಒತ್ತೊತ್ತಾಗಿ, ಹಾಲು ಕರೆಯುವಾಗ ಚೆಂಬಿನ ಮೇಲೆ ಏಳುವಂಥದ್ದು, ಬಣ್ಣ ಮಾತ್ರ ಬೆಲ್ಲದ ನೀರಿನದ್ದು — ಬೀಜ ತೆಗೆದು ನೆನೆಹಾಕಿ, ಕುದಿಸಿ, ಕಿವುಚಿ, ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸೋಸಿದ್ದು, ನಾಲ್ಕು ದಿನಕ್ಕೆ ಹುಳಿ ವಾಸನೆ ಬರ್ತದೆ ಅಂತ ಸ್ವಲ್ಪ ಸ್ವಲ್ಪವೇ ಮಾಡುವುದು, ಇದು ಏಳನೇ ಸಲ, ಡೈರಿಯಲ್ಲಿ ಬರೆದಿದ್ದೇನೆ, ಎಷ್ಟು ಕಾಯಿ, ಎಷ್ಟು ಕುದಿ, ನೊರೆ ಎಷ್ಟು ಹೊತ್ತು ನಿಂತಿತು. ಬಾವಿ ನೀರು ಈಗ ಸವಳು, ಏಪ್ರಿಲ್ ಬಂತೆಂದರೆ ಮಂಕಿಯಲ್ಲಿ ನಮ್ಮ ಕೇರಿಯ ನೀರೆಲ್ಲ ಹೀಗೇ, ಸೋಪು ತಿಕ್ಕಿದರೆ ನೊರೆಯ ಬದಲು ಒಡೆದ ಹಾಲಿನಂಥ ಬಿಳಿ ಗಸಿ ತೇಲ್ತದೆ, ಇದಕ್ಕೆ ಮಾತ್ರ ಸವಳೂ ಒಂದೇ ಸಿಹಿಯೂ ಒಂದೇ, ಯಾಕೆ, ಕಾಯಿಗೆ ನೊರೆ ಯಾಕೆ ಬೇಕಿತ್ತು, ಮರ ಪಾತ್ರೆ ತೊಳೀತದಾ, ಹುಳ ತಿನ್ನದಿರಲಿ ಅಂತ ಇಟ್ಟುಕೊಂಡದ್ದಿರಬೇಕು, ಬಿಎಸ್ಸಿಯ ಮೂರು ವರ್ಷದಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಕೇಳಬೇಕೆಂದರೆ ಕೈ ಎತ್ತಬೇಕು, ಎತ್ತಿದರೆ ಇಡೀ ತರಗತಿ ತಿರುಗಿ ನೋಡ್ತದೆ — ಗೌರೀ, ಹೊರಡುದಲ್ದನೆ, ರೇಶನ್ ಅಂಗಡಿಲಿ ಸಾಲು ಆಗ್ತದೆ ಮತ್ತೆ. ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಹೊಸ ಸೀರೆ, ಎರಡೂ ಕೈ ಸೆರಗಿನೊಳಗೆ, ಚಳಿ ಹಿಡಿದವರ ಹಾಗೆ, ಈ ಸೆಕೆಯಲ್ಲಿ.

ಆ ಕೈ ಈಗ ಹೇಗಿದೆ ಅಂತ ನಾನು ಕೇಳುವುದಿಲ್ಲ, ಅವಳು ತೋರಿಸುವುದಿಲ್ಲ, ಇವತ್ತು ಅಂಗಡಿಯ ಬೆರಳಚ್ಚಿನ ಯಂತ್ರವೇ ಹೇಳಲಿ. ಇಡಗುಂಜಿಯ ಹೊಟೇಲಿನಲ್ಲಿ ಆರು ವರ್ಷದಿಂದ ಪಾತ್ರೆ ತೊಳೆಯುತ್ತಾಳೆ, ಸಂಕಷ್ಟಿ ದಿನ ತಟ್ಟೆಗಳ ಗುಡ್ಡ, ಕ್ಯಾನಿನಿಂದ ಸುರಿಯುವ ನೀಲಿ ನೀರು, ಬೆರಳ ತುದಿ ಮೊದಲು ಬಿರಿಯಿತು, ಆಮೇಲೆ ಸುಲಿಯಿತು, ಆಮೇಲೆ ನುಣ್ಣಗಾಯಿತು, ಗೆರೆಯೇ ಇಲ್ಲ, ಫೆಬ್ರವರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರದಲ್ಲಿ ಕೆಂಪು ದೀಪ, ಮಾರ್ಚಿನಲ್ಲೂ ಕೆಂಪು. ಅಂಗಡಿಯ ಉಮೇಶಣ್ಣ, ಬೆರಳು ಮನೇಲಿಟ್ಟು ಬಂದ್ಯ ಮಾದೇವಕ್ಕಾ ಅಂದ, ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು, ಮತ್ತೆ ಅವನೇ ದನಿ ಇಳಿಸಿ, ಏಪ್ರಿಲಿನೊಳಗೆ ಬೆರಳು ಕೂಡದಿದ್ರೆ ಕಾರ್ಡಲ್ಲಿ ನಿನ್ನ ಹೆಸ್ರು ಉಳೀತದೆ ಅಂತ ನಾ ಹೇಳುಲಾಗ. ಮನೆಗೆ ಬಂದು ಚೀಲ ಕೆಳಗಿಡುತ್ತ ಅಮ್ಮ, ನಾ ನಾನೇ ಅಲ್ಲಂತೆ ಕಾಣು ಅಂದಳು. ಆಗಲೇ ನನಗೆ ತಲೆಗೆ ಹೋದದ್ದು, ನೀಲಿ ನೀರು ಬಿಡಿಸಬೇಕು, ಮನೆಯಲ್ಲೇ ಏನಾದರೂ ಮಾಡಬೇಕು, ಅಜ್ಜಿ ಬೂದಿಯಲ್ಲಿ ತಿಕ್ಕುತ್ತಿದ್ದಳಲ್ಲ, ತೆಂಗಿನ ಮಡಲು ಸುಟ್ಟ ಬೂದಿ ಒಂದು ಚಿಟಿಕೆ, ಮೇಲೆ ತೆಂಗಿನ ನಾರು, ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ನಾನು ಓದಿದವಳು. ಬಚ್ಚಲೊಲೆಯ ಬೂದಿಯನ್ನು ಒಂದು ಕೊಡ ನೀರಿನಲ್ಲಿ ನೆನೆಸಿ, ತಿಳಿ ಬಸಿದು, ಕುದಿಸಿ ಕುದಿಸಿ ಒಂದು ಬಾಟಲಿಗೆ ಇಳಿಸಿದೆ, ಎಣ್ಣೆ ಜಿಡ್ಡು ಮುಟ್ಟಿದರೆ ಮಾಯ, ಬೆರಳಿಗೆ ಜಾರು ಜಾರು, ಎಷ್ಟು ಚೆಂದ ಜಾರ್ತದೆ ಅಂತ ನನಗೇ ಖುಷಿ, ಜಾರಿದ್ದು ನೀರಲ್ಲ, ನನ್ನದೇ ಚರ್ಮ ಕರಗಿ ಸೋಪಾಗುತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ ಅದನ್ನು, ಕ್ಷಾರ, ಕೊಬ್ಬು, ಸಾಬೂನು, ಐದು ಅಂಕ ಬಂದಿತ್ತು, ಬಾಟಲಿ ಅಮ್ಮನ ಚೀಲಕ್ಕೆ ಹಾಕುವಾಗ ಆ ಪುಟ ಎಲ್ಲಿ ಹೋಗಿತ್ತು. ಎಂಟು ದಿನ ಅದರಲ್ಲೇ ತೊಳೆದಳು. ಒಂಬತ್ತನೇ ದಿನ ಅಮ್ಮ ಅನ್ನ ಮೀನುಸಾರನ್ನು ಚಮಚದಲ್ಲಿ ಉಣ್ಣುತ್ತಿದ್ದಳು, ನಾನು ಹುಟ್ಟಿದಾಗಿನಿಂದ ಅವಳು ಚಮಚದಲ್ಲಿ ಮೀನು ತಿಂದದ್ದು ಕಂಡಿಲ್ಲ, ಕೈ ಹಿಡಿದು ತಿರುಗಿಸಿದೆ, ಹೆಬ್ಬೆರಳ ನಡುವೆ ಕೆಂಪಗೆ ಹಸಿ, ಎಂತ ಅಮ್ಮ ಇದು, ಎಂತಿಲ್ವೆ, ಹೇಳುದಲ್ದ ನೀನು, ಎಂತ ಹೇಳುದು, ನೀ ಅಷ್ಟು ಖುಷಿಲಿ ಮಾಡ್ಕೊಟ್ಟದ್ದು, ಹೊಟೇಲಲ್ಲಿ ಎಲ್ರಿಗೂ ಹೇಳಿದ್ದೆ ನಮ್ಮ ಗೌರಿ ಮಾಡಿದ್ದು ಅಂತ. ಆ ಸಂಜೆ ಬೂದಿನೀರಿಗೆ ಅರಿಶಿನ ಹಾಕಿ ನೋಡಿದೆ, ಕೂಡಲೇ ರಕ್ತ ಕೆಂಪು, ಎಷ್ಟು ಸುಲಭದ ಪರೀಕ್ಷೆ, ಅಡುಗೆಮನೆಯ ಡಬ್ಬಿಯಲ್ಲೇ ಇತ್ತು, ಮರುದಿನ ಅಂಟುವಾಳ ಕುದಿಸಿ ಅದರ ನೀರಿಗೂ ಹಾಕಿದೆ, ಅರಿಶಿನ ಹಳದಿಯಾಗಿಯೇ ಉಳಿಯಿತು, ಆಮೇಲೂ ಮೂರು ದಿನ ನನ್ನ ಕೈಯನ್ನೇ ಅದರಲ್ಲಿ ಅದ್ದಿ ನೋಡಿದೆ. ನಾನಿನ್ನೂ ಬೇಡವೆಂದರೂ ಅಮ್ಮ ಅಂಟುವಾಳದ ಬಾಟಲಿ ಚೀಲಕ್ಕೆ ಹಾಕಿಕೊಂಡಳು, ಕೊಡೆ, ಇದಾದ್ರೂ ಆಗ್ಲಿ.

ಸಾಲಿನಲ್ಲಿ ಹದಿನೈದು ಜನ, ಮುಂದೆ ಪಕ್ಕದ ಮನೆ ಸುಬ್ಬಿ ಅತ್ತೆ, ಎಂತದೇ ಗೌರಿ, ನೌಕ್ರಿ ಮಾಡ್ತಿ ಅಂದ್ರೆ ನೊರೆ ಮಾಡ್ತಾ ಕೂತಿದ್ಯಂತೆ, ನಂಗೂ ಒಂದು ಬಾಟ್ಲಿ ಕೊಡು ಕಾಂಬ, ನನ್ನ ಗಂಡ್ನ ತಲೆ ತೊಳೀತೆ, ಬುದ್ಧಿಯಾದ್ರೂ ಹೊಳೀಲಿ, ಜನ ನಗ್ತಾರೆ, ನಾನು ಚೀಲದ ಹಿಡಿಕೆ ಎಣಿಸುತ್ತೇನೆ, ಎರಡೇ ಇದೆ, ಆದರೂ ಎಣಿಸುತ್ತೇನೆ. ಚರ್ಮದ ಗೆರೆ ಮರಳಿ ಬರ್ತದಾ, ಬಂದರೆ ಅದೇ ಗೆರೆ ಬರ್ತದಾ ಬೇರೆಯದಾ, ಅದೇ ಅಂತೆ, ಒಳಪದರದಲ್ಲಿ ಅಚ್ಚು ಇರ್ತದಂತೆ, ಮೇಲಿನದು ಸವೆದರೂ ಕೆಳಗಿನಿಂದ ಮತ್ತೆ ಮೂಡ್ತದಂತೆ, ಗಾಯ ಆಳಕ್ಕೆ ಇಳಿಯದಿದ್ದರೆ — ಎಷ್ಟು ಇಳಿದರೆ ಆಳ. ಮಾದೇವಕ್ಕಾ ಬಾ. ಅಮ್ಮ ಸೆರಗಿನಿಂದ ಕೈ ತೆಗೆದಳು, ಒರೆಸಿದಳು, ಮತ್ತೆ ಒರೆಸಿದಳು, ಬಲ ಹೆಬ್ಬೆರಳು ಗಾಜಿನ ಮೇಲೆ, ಕೆಂಪು. ಒತ್ತಿ ಹಿಡಿ, ಓಡೂದಿಲ್ಲ ಅದು, ಕೆಂಪು. ತೋರುಬೆರಳು, ಕೆಂಪು, ನಡುಬೆರಳು, ಹಿಂದಿನಿಂದ ಯಾರೋ ಹೊತ್ತಾತು ಅಂದರು, ಎಡಗೈ ಕೊಡು, ಕೆಂಪು, ಉಂಗುರದ್ದು, ಕೆಂಪು, ನನ್ನ ಗಂಟಲಿನಿಂದ ದನಿ ಬಂತು, ಇಡೀ ಸಾಲು ತಿರುಗಿತು, ಉಮೇಶಣ್ಣ, ಕಿರುಬೆರಳು ನೋಡಿ, ಎಡದ್ದು, ಪಾತ್ರೆ ತಿಕ್ಕುವಾಗ ಅಮ್ಮ ಅದನ್ನು ಎತ್ತಿಯೇ ಹಿಡಿಯುವುದು, ನಾರು ಮುಟ್ಟುವುದಿಲ್ಲ, ನೀರೂ ಅಷ್ಟಾಗಿ ಮುಟ್ಟುವುದಿಲ್ಲ, ಇದೆಲ್ಲ ನಾನು ಯಾವಾಗ ನೋಡಿಟ್ಟೆ — ಕಿರುಬೆರಳು ಗಾಜಿಗೆ ತಾಗಿತು, ಯಂತ್ರ ಯೋಚಿಸಿತು, ಹಸಿರು. ಆತು ಮಾರಾಯ್ತಿ, ನೀ ನೀನೇ ಅಂತೆ ಅಂದ ಉಮೇಶಣ್ಣ, ಅಮ್ಮ ಕಿರುಬೆರಳನ್ನೇ ನೋಡ್ತಾ ನಗ್ತಾಳೆ, ನನ್ನ ಬೆನ್ನು ತಟ್ಟಿ ಅಕ್ಕಿ ಹಿಡಿಯಲು ಚೀಲ ಬಿಡಿಸ್ತಾಳೆ, ಸುಬ್ಬಿ ಅತ್ತೆ ಏನೋ ಅಂತಾಳೆ, ನಾನೂ ನಗಬೇಕು, ಯಂತ್ರದ ಪ್ಲಾಸ್ಟಿಕ್ ಅಂಚಿನ ಮೇಲೆ ಎಡಗೈ ಕೊಡುವಾಗ ಅಮ್ಮ ಊರಿದ್ದ ಬಲ ಹೆಬ್ಬೆರಳಿನ ಒದ್ದೆ ಗುರುತು ಇನ್ನೂ ಆರಿಲ್ಲ, ಬಗ್ಗಿ ನೋಡಿದೆ, ಗುರುತಿನ ಸುತ್ತ ಗೆರೆ ಬಂದಿದೆ, ಸಣ್ಣದು, ಕೂದಲೆಳೆಯಷ್ಟು, ಒಂದರ ಪಕ್ಕ ಒಂದು, ಬಂದಿದೆ, ಮೂರು ವಾರದಲ್ಲಿ ಬಂದಿದೆ, ಬಳಸಿ ಬಂದು ನಡುವೆ ನಿಂತುಬಿಟ್ಟಿದೆ, ಅಲ್ಲಿ, ನನ್ನ ಬೂದಿನೀರು ಸುಟ್ಟಲ್ಲಿ, ಒಂದು ತೊಗರಿಬೇಳೆಯಷ್ಟು ಜಾಗ, ಏನೂ ಇಲ್ಲ, ಉಮೇಶಣ್ಣ ಒರೆಸಲು ಬಟ್ಟೆ ಎತ್ತಿಕೊಳ್ತಿದ್ದಾನೆ, ಸುತ್ತ ಗೆರೆ, ನಡುವೆ ಬೇಳೆಯಷ್ಟು ನುಣ್ಣಗೆ, ನುಣ್ಣಗೆ