ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿದ ಬೀಗರು

ಪೆಟ್ರೋಲ್ ಬೆಲೆ ಏರಿದ ಆ ವರ್ಷ ನಮ್ಮ ಕಡೆ ಕಾರು ಇಟ್ಟುಕೊಂಡವರೆಲ್ಲ ಒಂದು ಹೊಸ ವಿದ್ಯೆ ಕಲಿತಿದ್ದರು. ಇಳಿಜಾರು ಕಂಡ ಕೂಡಲೇ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕುವುದು. ಗಾಡಿ ತಾನಾಗಿ ಉರುಳುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂಬ ಲೆಕ್ಕ.

ಈ ವಿದ್ಯೆಯಲ್ಲಿ ನಂದಿ ಬೆಟ್ಟದ ಹತ್ತಿರದ ವಿಜಯಪುರದ ಆದಿನಾರಾಯಣಪ್ಪನವರನ್ನು ಮೀರಿಸುವವರಿರಲಿಲ್ಲ. ಅವರದು ರೇಷ್ಮೆ ಹುರಿ ಮಾಡುವ ಕಸುಬು. ಯಾರೋ ಓಡಿಸಿ ಬಿಟ್ಟ ಹಳೇ ಕಾರೊಂದನ್ನು ಕೊಂಡಿದ್ದರು. ಅದನ್ನು ದಿನಾ ಬೆಳಿಗ್ಗೆ ತಾವೇ ತೊಳೆಯುತ್ತಿದ್ದರು. ಹೆಂಡತಿ ಕದಿರಮ್ಮ ಒಮ್ಮೆ, "ನನ್ನ ಮುಖ ಇಷ್ಟು ಹತ್ತಿರದಿಂದ ಯಾವತ್ತಾದ್ರೂ ನೋಡಿದ್ದೀರಾ?" ಎಂದು ಕೇಳಿದ್ದರಂತೆ.

ಅವರ ಮಗನಿಗೆ ಸಾಸಲಿನ ರಾಮಾಂಜಿನಪ್ಪನವರ ಮಗಳನ್ನು ನೋಡಿದ್ದರು. ಹುಡುಗ ಹುಡುಗಿ ಒಪ್ಪಿದ್ದರು. ಮಾತುಕತೆ ಮುಗಿದಿತ್ತು, ವೀಳ್ಯ ಬದಲಾಯಿಸುವುದೊಂದು ಬಾಕಿ. ಅದಕ್ಕೆ ಮುಂಚೆ ಹೆಣ್ಣಿನ ತಂದೆತಾಯಿಯನ್ನು ಕಾರಿನಲ್ಲಿ ಕೂರಿಸಿ ನಂದಿ ಬೆಟ್ಟ ತೋರಿಸಬೇಕೆಂದು ಆದಿನಾರಾಯಣಪ್ಪನವರಿಗೆ ಆಸೆಯಾಯಿತು. ಬೆಟ್ಟಕ್ಕಿಂತ ಹೆಚ್ಚಾಗಿ ಕಾರು ತೋರಿಸುವ ಆಸೆ ಅದು.

ಭಾನುವಾರ ಬೆಳಿಗ್ಗೆ ಹೊರಟರು. ಮುಂದಿನ ಸೀಟಿನಲ್ಲಿ ಬೀಗರಿಬ್ಬರು, ಹಿಂದೆ ಕದಿರಮ್ಮ ಮತ್ತು ಹೆಣ್ಣಿನ ತಾಯಿ ವರಲಕ್ಷ್ಮಮ್ಮ. ಅವರಿಬ್ಬರ ನಡುವೆ ಒಬ್ಬಟ್ಟಿನ ಡಬ್ಬಿ, ಚಿತ್ರಾನ್ನದ ಪಾತ್ರೆ.

ರಾಮಾಂಜಿನಪ್ಪನವರು ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಹಿಮದ ಗುಡ್ಡಗಳನ್ನು ಹತ್ತಿ ಇಳಿದು, ಪೆನ್ಷನ್ ತೆಗೆದುಕೊಂಡು ಊರಿಗೆ ಬಂದು ರಾಗಿ ಬೆಳೆಯುತ್ತಿದ್ದರು. ಆದರೆ ಆ ದಿನ ಅವರು ಡ್ರೈವರ್ ಆಗಿರಲಿಲ್ಲ, ಹೆಣ್ಣಿನ ತಂದೆಯಾಗಿದ್ದರು. ಹಾಗಾಗಿ ಬೀಗರು ಏನು ಹೇಳಿದರೂ "ಹೌದು ಬೀಗ್ರೇ" ಎನ್ನುತ್ತಿದ್ದರು.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಎರಡನೇ ಗೇರಿನಲ್ಲಿ ಕಾರು ಗುರ್ರೆನ್ನುತ್ತಾ ತಿರುವುಗಳನ್ನು ಹತ್ತಿತು. ಮೇಲೆ ಊಟವಾಯಿತು, ಗಾಳಿ ಕುಡಿದಿದ್ದಾಯಿತು. ಮಧ್ಯಾಹ್ನ ಇಳಿಯಲು ಹೊರಟರು.

ಮೊದಲ ತಿರುವಿನಲ್ಲೇ ಆದಿನಾರಾಯಣಪ್ಪನವರು ಗೇರ್ ಕಡ್ಡಿಯನ್ನು ನ್ಯೂಟ್ರಲ್‌ಗೆ ತಳ್ಳಿದರು. "ನೋಡಿ ಬೀಗ್ರೇ, ಇನ್ಮೇಲೆ ಕೆಳಗಿನವರ್ಗೂ ಪುಕ್ಕಟೆ! ಎಂಜಿನ್‌ಗೂ ಸುಖ, ಜೇಬಿಗೂ ಸುಖ."

ರಾಮಾಂಜಿನಪ್ಪನವರ ಬಲಗಾಲು ತಾನಾಗಿ ಮುಂದೆ ಚಾಚಿ, ಇಲ್ಲದ ಬ್ರೇಕನ್ನು ಒತ್ತಿತು.

"ಹೌದು ಬೀಗ್ರೇ," ಎಂದರು.

ಕಾರು ಜೋರಾಯಿತು. ಆದಿನಾರಾಯಣಪ್ಪನವರು ಬ್ರೇಕಿನ ಮೇಲೆ ಕಾಲಿಟ್ಟರು. ಇಟ್ಟ ಕಾಲನ್ನು ತೆಗೆಯಲೇ ಇಲ್ಲ.

ಎರಡು ತಿರುವು ಕಳೆದ ಮೇಲೆ ರಾಮಾಂಜಿನಪ್ಪನವರು ಮೆಲ್ಲಗೆ ಶುರು ಮಾಡಿದರು. "ಬೀಗ್ರೇ, ತಪ್ಪು ತಿಳ್ಕೋಬೇಡಿ. ನಮ್ ಮಿಲಿಟ್ರೀಲಿ ಒಬ್ಬ ಇದ್ದ. ಅವ್ನೂ ಹೀಗೇ ನ್ಯೂಟ್ರಲ್‌ನಲ್ಲೇ ಬೆಟ್ಟ ಇಳೀತಿದ್ದ."

"ಜಾಣ ಬಿಡಿ! ಈಗೆಲ್ಲಿದ್ದಾನೆ?"

"ಈಗ ಇಲ್ಲ ಬೀಗ್ರೇ."

"ಅಯ್ಯೋ ಪಾಪ. ಏನಾಗಿತ್ತು, ಜ್ವರಾನಾ?"

ರಾಮಾಂಜಿನಪ್ಪನವರು ಹಣೆ ಒರೆಸಿಕೊಂಡರು. ಇದಕ್ಕಿಂತ ಬಿಡಿಸಿ ಹೇಳಿದರೆ ಗಂಡಿನ ತಂದೆಗೆ ಅವಮಾನವಾಗುತ್ತದೇನೋ ಎಂಬ ಭಯ.

ಅಷ್ಟರಲ್ಲಿ ಹಿಂದಿನಿಂದ ವರಲಕ್ಷ್ಮಮ್ಮ, "ಅಕ್ಕಾ, ಏನೋ ಸೀಯ್ತಾ ಇದೆ ಅಲ್ವಾ?" ಎಂದರು.

ಕದಿರಮ್ಮ ಡಬ್ಬಿ ತೆರೆದು ಮೂಸಿದರು. "ನನ್ ಒಬ್ಬಟ್ಟಲ್ಲ ಕಣಮ್ಮಾ. ಸೀಯೋಕೆ ಇಲ್ಲಿ ಒಲೆ ಎಲ್ಲಿದೆ?"

ಒಲೆ ಚಕ್ರದೊಳಗಿತ್ತು. ಒಂದೇ ಸಮನೆ ಉಜ್ಜಿ ಉಜ್ಜಿ ಬ್ರೇಕು ಕಾದು ಹೊಗೆಯಾಡುತ್ತಿತ್ತು. ಮುಂದಿನ ಇಳಿಜಾರಿನಲ್ಲಿ ಆದಿನಾರಾಯಣಪ್ಪನವರು ಎಷ್ಟು ಒತ್ತಿದರೂ ಕಾರು ನಿಧಾನವಾಗಲಿಲ್ಲ. ಅವರ ಮುಖದ ಬಣ್ಣ ಇಳಿಯಿತು.

"ಬೀಗ್ರೇ... ಬ್ರೇಕು ಹಿಡೀತಿಲ್ಲ."

ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಕದಿರಮ್ಮ ಮನೆದೇವರ ಹೆಸರನ್ನು ಜೋರಾಗಿ ಕೂಗಿದರು. ರಾಮಾಂಜಿನಪ್ಪನವರೊಳಗಿನ ಹೆಣ್ಣಿನ ತಂದೆ ಎಲ್ಲಿ ಹೋದರೋ, ಲಾರಿ ಡ್ರೈವರ್ ಎದ್ದು ಕೂತ.

"ಲೇ ಆದಿನಾರಾಯಣ! ಕ್ಲಚ್ ಒತ್ತಲೇ! ಮೂರನೇ ಗೇರಿಗೆ ಹಾಕು!"

ಹುಟ್ಟಿದಾಗಿನಿಂದ ಅಪ್ಪನನ್ನು ಬಿಟ್ಟು ಬೇರೆ ಯಾರೂ ಆದಿನಾರಾಯಣಪ್ಪನವರನ್ನು ಹಾಗೆ ಕರೆದಿರಲಿಲ್ಲ. ಕೈ ತಾನಾಗಿ ಕೆಲಸ ಮಾಡಿತು.

"ಆಕ್ಸಿಲೇಟರ್ ಒಂಚೂರು ಕೊಡು, ಕ್ಲಚ್ ಮೆಲ್ಲಗೆ ಬಿಡು! ಹಾಂ! ಈಗ ಆಕ್ಸಿಲೇಟರ್‌ನಿಂದ ಕಾಲ್ ತೆಗಿ!"

ಎಂಜಿನ್ ಹೂಂಕರಿಸಿತು. ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಕಾರು ತಡೆಯಿತು.

"ಸ್ಪೀಡ್ ಇಳೀತು ನೋಡು. ಈಗ ಎರಡನೇದು! ಹಾಗೇ. ಬೆಟ್ಟದ ಪಕ್ಕಕ್ಕೆ ತಗೋ. ಹ್ಯಾಂಡ್ ಬ್ರೇಕ್ ಮೆಲ್ಲಮೆಲ್ಲಗೆ ಎಳಿ. ಒಂದೇ ಸಲ ಎಳೀಬೇಡ್ವೋ ಮಾರಾಯ!"

ಕಾರು ಕುಂಟುತ್ತಾ ಬಂದು ರಸ್ತೆ ಪಕ್ಕದ ಜಲ್ಲಿ ರಾಶಿಗೆ ಮೂತಿಯಿಟ್ಟು ನಿಂತಿತು. ಯಾರಿಗೂ ಏನೂ ಆಗಿರಲಿಲ್ಲ. ಊಟದಲ್ಲಿ ಮಿಕ್ಕಿದ್ದ ಚಿತ್ರಾನ್ನ ಮಾತ್ರ ವರಲಕ್ಷ್ಮಮ್ಮನವರ ಮಡಿಲಲ್ಲಿತ್ತು.

ಆಮೇಲೆ ರಾಮಾಂಜಿನಪ್ಪನವರಿಗೆ ತಾವು ಆಡಿದ ಮಾತು ನೆನಪಾಯಿತು. ಕಾರಿನಿಂದಿಳಿದು ಕೈ ಮುಗಿದು ನಿಂತರು. "ಬೀಗ್ರೇ, ಬಾಯ್ತಪ್ಪಿ ಲೇ ಅಂದ್ಬಿಟ್ಟೆ. ನನ್ ಮಗಳ ಮೇಲೆ ಮಾತ್ರ ಬೇಜಾರ್ ಮಾಡ್ಕೋಬೇಡಿ."

ಆದಿನಾರಾಯಣಪ್ಪನವರು ಡಿಕ್ಕಿಯಿಂದ ನೀರಿನ ಕ್ಯಾನ್ ತೆಗೆದು ಹೊಗೆಯಾಡುವ ಚಕ್ರದ ಕಡೆ ನಡೆದರು. ರಾಮಾಂಜಿನಪ್ಪನವರು ಓಡಿಹೋಗಿ ಅಡ್ಡ ನಿಂತರು.

"ಬ್ಯಾಡಿ! ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದ್ರೆ ಬಿರುಕು ಬಿಡುತ್ತೆ. ತಾನಾಗೇ ಆರ್ಲಿ."

ಎಲ್ಲರೂ ಬಂಡೆಯ ನೆರಳಿನಲ್ಲಿ ಕೂತರು. ಆದರೆ ಆದಿನಾರಾಯಣಪ್ಪನವರದು ಸುಲಭವಾಗಿ ಸೋಲುವ ಜೀವ ಅಲ್ಲ.

"ಅಲ್ಲಾ ಬೀಗ್ರೇ, ನಿಲ್ಸೋಕೆ ಅಂತ ಬ್ರೇಕ್ ಕೊಟ್ಟಿರೋವಾಗ ಎಂಜಿನ್ ಕೈಲಿ ಯಾಕೆ ಆ ಕೆಲಸ ಮಾಡಿಸ್ಬೇಕು? ಎಂಜಿನ್ ಹಾಳಾಗಲ್ವಾ?"

"ಎಡವಟ್ಟು ಮಾಡಿ, ಸ್ಪೀಡಲ್ಲಿರೋವಾಗ ನಾಲ್ಕರಿಂದ ಒಂದಕ್ಕೆ ಹಾಕಿದ್ರೆ ಹಾಳಾಗುತ್ತೆ. ಸ್ಪೀಡ್ ಇಳಿಸ್ಕೊಂಡು ಒಂದೊಂದೇ ಗೇರ್ ಇಳಿಸಿದ್ರೆ ಏನೂ ಆಗಲ್ಲ. ನೀವು ಎತ್ತಿನ ಗಾಡಿ ಹೊಡೆದೋರಲ್ವಾ? ದಿಣ್ಣೆ ಇಳಿಯೋವಾಗ ಗಾಡೀನ ಹಿಂದಕ್ಕೆ ತಡೆಯೋರು ಯಾರು?"

"ಎತ್ತುಗಳು. ಕಾಲೂರಿ ತಡೀತವೆ."

"ಗೇರಲ್ಲಿದ್ರೆ ಎಂಜಿನ್ನೂ ಹಾಗೇ ಚಕ್ರಾನ ತಡೆಯುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧಾನೇ ಇರಲ್ಲ."

ಕದಿರಮ್ಮ ಗಂಡನ ಕಡೆ ತಿರುಗಿದರು. "ಅಂದ್ರೆ ಇಷ್ಟು ದಿನ ನೀವು ಎತ್ತು ಬಿಚ್ಬಿಟ್ಟು ಗಾಡಿ ಇಳಿಸ್ತಾ ಇದ್ರಾ? ನನ್ನನ್ನ ಒಳಗೆ ಕೂರಿಸ್ಕೊಂಡು?"

ಆದಿನಾರಾಯಣಪ್ಪನವರು ದೂರದ ಕೆರೆಯನ್ನು ನೋಡತೊಡಗಿದರು. ಆಮೇಲೆ ಸಣ್ಣ ದನಿಯಲ್ಲಿ, "ಪೆಟ್ರೋಲು?" ಎಂದರು.

"ಆಕ್ಸಿಲೇಟರ್‌ನಿಂದ ಕಾಲ್ ತೆಗೆದಿರ್ತೀರಲ್ಲ, ಕುಡಿಯೋದು ಒಂದೆರಡು ಗುಟುಕು," ಎಂದರು ರಾಮಾಂಜಿನಪ್ಪನವರು. "ಒಂದೇ ಲೆಕ್ಕ ಇಟ್ಕೊಳಿ. ಯಾವ ಗೇರಲ್ಲಿ ಬೆಟ್ಟ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ. ಇಳಿಜಾರು ಶುರುವಾಗೋಕೆ ಮುಂಚೇನೇ ಆ ಗೇರಿಗೆ ಹಾಕ್ಕೊಳಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂರಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ, ಸ್ಪೀಡ್ ಇಳಿದ ಮೇಲೆ ಬಿಡಿ. ಬ್ರೇಕ್‌ಗೂ ಉಸಿರಾಡೋಕೆ ಪುರುಸೊತ್ತು ಬೇಕಲ್ಲ."

ಚಕ್ರ ಪೂರ್ತಿ ಆರುವವರೆಗೂ ಕಾದರು. ಒಬ್ಬಟ್ಟು ಖಾಲಿಯಾಯಿತು. ಬ್ರೇಕ್ ಹಿಡಿಯುತ್ತದೆಯೇ ಎಂದು ರಾಮಾಂಜಿನಪ್ಪನವರು ಮೊದಲು ಕಾರನ್ನು ಜಲ್ಲಿ ರಾಶಿಯಿಂದ ಹಿಂದಕ್ಕೆ ತೆಗೆದು, ಮುಂದಕ್ಕೆ ನಾಲ್ಕು ಮಾರು ಓಡಿಸಿ ನೋಡಿ, ಸ್ಟೀರಿಂಗ್ ಬಿಟ್ಟುಕೊಟ್ಟರು.

ಎರಡನೇ ಗೇರಿನಲ್ಲಿ ಕಾರು ಗೊಣಗುತ್ತಾ ಇಳಿಯಿತು. ಎಷ್ಟೋ ದೂರದವರೆಗೆ ಬ್ರೇಕ್ ಮುಟ್ಟುವ ಪ್ರಮೇಯವೇ ಬರಲಿಲ್ಲ. ಆದಿನಾರಾಯಣಪ್ಪನವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಆಶ್ಚರ್ಯ, ಕೊನೆಗೆ ಇದನ್ನು ತಾವೇ ಕಂಡುಹಿಡಿದಂಥ ಗತ್ತು ಬಂತು.

ಬಯಲಿಗೆ ಬಂದ ಮೇಲೆ ದೂರದಲ್ಲಿ ರೈಲ್ವೆ ಗೇಟು ಮುಚ್ಚಿದ್ದು ಕಂಡಿತು. ಯಾರೂ ಹೇಳದೆಯೇ ಅವರು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸಿದರು. ಕಾರು ಕುಲುಕದೆ ನಿಧಾನವಾಯಿತು.

"ಭೇಷ್! ಆದ್ರೆ ಬ್ರೇಕನ್ನ ಒಂಚೂರು ಮುಟ್ಟಿ," ಎಂದರು ರಾಮಾಂಜಿನಪ್ಪನವರು. "ಗೇರಲ್ಲಿ ನಿಧಾನ ಮಾಡಿದ್ರೆ ಹಿಂದಿನ ಕೆಂಪು ದೀಪ ಹತ್ತಲ್ಲ. ಹಿಂದೆ ಬರೋನಿಗೆ ಗೊತ್ತಾಗ್ಬೇಕಲ್ಲ. ನಿಲ್ಸೋಕಂತೂ ಬ್ರೇಕೇ ಬೇಕು."

ಗೇಟಿನ ಹತ್ತಿರ ಕಾರು ನಿಂತಿತು. ಆದಿನಾರಾಯಣಪ್ಪನವರು ಗಂಟಲು ಸರಿ ಮಾಡಿಕೊಂಡರು.

"ಬೀಗ್ರೇ, ನೀವು ನನ್ನನ್ನ ಲೇ ಅಂದ್ರಲ್ಲ..."

"ಅಯ್ಯೋ, ಅದು..."

"ಮೊದಲ್ನೇ ತಿರುವಲ್ಲೇ ಅನ್ಬೇಕಾಗಿತ್ತು. ಬರೋ ಶುಕ್ರವಾರ ವೀಳ್ಯ ಬದಲಾಯಿಸ್ಕೊಳ್ಳೋಣ. ನಿಮ್ ಮಗಳು ನಿಮ್ ಥರಾನೇ ಬೈಯೋಳಾದ್ರೆ ನಮ್ ಮನೇಗೂ ಒಳ್ಳೇದು."

ಕದಿರಮ್ಮ, "ಅದಕ್ಕೆ ನಾನೊಬ್ಳು ಸಾಲ್ದಾ?" ಎಂದರು. ನಾಲ್ವರೂ ನಗುತ್ತಿರುವಾಗಲೇ ರೈಲು ದಾಟಿಹೋಯಿತು.

ಕಾರು, ಜೀಪು, ಲಾರಿ ಓಡಿಸುವ ಅಣ್ಣಂದಿರೇ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆರಿಸಬೇಡಿ. ಇಳಿಯುವ ಮೊದಲೇ ಗೇರ್ ಇಳಿಸಿ, ಎಂಜಿನ್ ನಿಮ್ಮನ್ನು ತಡೆದುಕೊಳ್ಳಲಿ. ಬ್ರೇಕನ್ನು ಆಪತ್ತಿಗೆಂದು ತಣ್ಣಗಿಟ್ಟುಕೊಳ್ಳಿ. ಪಕ್ಕದಲ್ಲಿ ಕೂತವರಿಗೂ ಒಂದು ಮಾತು: ಓಡಿಸುವವರು ಮಾವನಿರಲಿ, ಸಾಹೇಬರಿರಲಿ, ತಪ್ಪು ಕಂಡರೆ ಮುಲಾಜು ನೋಡದೆ ಆಗಲೇ ಬಾಯಿಬಿಟ್ಟು ಹೇಳಿ. ಕ್ಷಮೆ ಕೇಳುವುದಿದ್ದರೆ ಬೆಟ್ಟ ಇಳಿದ ಮೇಲೆ ಎಲ್ಲರೂ ಕೂತು ನಿಧಾನವಾಗಿ ಕೇಳಿಕೊಳ್ಳಬಹುದು.